ಟ್ರಾಫಿಕ್ ಫೈನ್ ಬಂತಾ? ಕಟ್ಟುವ ಮುನ್ನ ಆ ಫೋಟೊ ತೆರೆದು ನೋಡಿ

ಒಂದು ಸಂಜೆ ಫೋನಿಗೆ ಮೆಸೇಜ್ ಬಂತು. ಹೆಲ್ಮೆಟ್ ಹಾಕದೆ ಸ್ಕೂಟರ್ ಓಡಿಸಿದ್ದಕ್ಕೆ 500 ರೂಪಾಯಿ ದಂಡ. ಅದರಲ್ಲಿ ಬರೆದಿದ್ದ ದಿನ, ಆ ಹೊತ್ತಿಗೆ ನನ್ನ ಸ್ಕೂಟರ್ ಪಂಕ್ಚರ್ ಆಗಿ ಮನೆ ಮುಂದೆ ನಿಂತಿತ್ತು. ಅಮ್ಮ ಹೇಳಿದ್ದು ಒಂದೇ ಮಾತು: “ಕಟ್ಬಿಡೋ, ಐನೂರು ರೂಪಾಯಿಗೆ ಕೋರ್ಟು ಕಚೇರಿ ಯಾಕೆ?” ನಮ್ಮಲ್ಲಿ ಎಷ್ಟೋ ಜನ ದಂಡ ಕಟ್ಟುವುದು ತಪ್ಪು ಮಾಡಿದ್ದೇವೆ ಅಂತಲ್ಲ, ಕೋರ್ಟಿನ ಮೆಟ್ಟಿಲು ಹತ್ತೋದು ಬೇಡ ಅಂತ.

ಅದರ ಮೇಲೆ ರಿಯಾಯಿತಿ ಬೇರೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ. 50ರಷ್ಟು ವಿನಾಯಿತಿ ಕೊಟ್ಟಾಗ ಒಂಬತ್ತೇ ದಿನದಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. 2025ರಲ್ಲಿ ಮತ್ತೆ ಕೊಟ್ಟರು. ಆಷಾಢದ ಸೀರೆ ಸೇಲ್ ಥರ ಜನ ಮುಗಿಬಿದ್ದರು. ಅವರಲ್ಲಿ ಎಷ್ಟು ಜನ ತಮ್ಮ ಮೇಲಿನ ಕೇಸಿನ ಫೋಟೊ ತೆರೆದು ನೋಡಿದ್ದರು? ನನ್ನ ತಕರಾರು ಇರೋದು ಅಲ್ಲೇ.

ನಾನು ತೆರೆದು ನೋಡಿದೆ. ಸ್ಕೂಟರ್ ಬೇರೆ, ಬಣ್ಣ ಬೇರೆ. ನಂಬರ್ ಪ್ಲೇಟಿನಲ್ಲಿ 3 ಇದ್ದ ಕಡೆ 8 ಅಂತ ಓದಿಕೊಂಡಿದ್ದಾರೆ, ಅಷ್ಟೇ.

ಚಲನ್ ಅಂದ್ರೆ ತೀರ್ಪಲ್ಲ

ಮೊದಲು ಇದು ಗೊತ್ತಿರಲಿ: ಪೊಲೀಸರು ಕಳಿಸುವ ಚಲನ್ ಒಂದು ಆರೋಪ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 200ರ ಪ್ರಕಾರ ನೀವು ದಂಡ ಕಟ್ಟಿದರೆ ಅದು ರಾಜಿ, ಕೇಸು ಅಲ್ಲಿಗೆ ಮುಗಿಯಿತು. ಆಮೇಲೆ ‘ಅದು ನಾನಲ್ಲ’ ಅಂತ ವಾದಿಸೋಕೆ ಏನೂ ಉಳಿಯಲ್ಲ. ಕಟ್ಟದಿದ್ದರೆ ಪೊಲೀಸರು ಕೇಸನ್ನು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕಬಹುದು. ಆರೋಪ ಸಾಬೀತು ಮಾಡುವ ಹೊಣೆ ಆಗ ಅವರದ್ದು.

ಇಲ್ಲೊಂದು ಕೊಕ್ಕೆ ಇದೆ. 2019ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ಹೆಲ್ಮೆಟ್ ದಂಡವನ್ನು 1000 ರೂಪಾಯಿ ಮಾಡಿತು. ಜನ ರೊಚ್ಚಿಗೆದ್ದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. ಆದರೆ ಇಳಿದಿದ್ದು ರಾಜಿಯ ಮೊತ್ತ ಮಾತ್ರ. ಕೋರ್ಟಿಗೆ ಹೋಗಿ ಸೋತರೆ ಕಾಯ್ದೆಯಲ್ಲಿರುವ 1000 ರೂಪಾಯಿಯೇ ಬೀಳಬಹುದು, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ‘ನಾನು ತಪ್ಪು ಮಾಡಿಲ್ಲ’ ಅಂತ ಹೇಳುವ ಹಕ್ಕಿಗೆ ಹೀಗೊಂದು ಬೆಲೆ ಕಟ್ಟಿಟ್ಟಿದ್ದಾರೆ. ಆದ್ದರಿಂದ ನಿಜಕ್ಕೂ ಹೆಲ್ಮೆಟ್ ಹಾಕಿರಲಿಲ್ಲ ಅಂದ್ರೆ ಸುಮ್ಮನೆ ಕಟ್ಟಿ, ಮುಗಿಸಿ. ಹುಂಬತನ ಬೇಡ.

ತಪ್ಪು ನಿಮ್ಮದಲ್ಲ ಅಂದ್ರೆ ಮಾತ್ರ ಮುಂದೆ ಓದಿ.

ಏನೇನು ನೋಡಬೇಕು

ಕ್ಯಾಮೆರಾ ಹಿಡಿದ ಕೇಸುಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 2021ರಲ್ಲಿ 167ಎ ಅನ್ನುವ ನಿಯಮ ಸೇರಿಸಿದರು. ಬೆಂಗಳೂರೂ ಆ ನಿಯಮದ ಪಟ್ಟಿಯಲ್ಲಿದೆ. ಅದರ ಪ್ರಕಾರ ಉಲ್ಲಂಘನೆ ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಚಲನ್ ಜೊತೆ ಉಲ್ಲಂಘನೆಯೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಫೋಟೊ, ದಿನಾಂಕ, ಸಮಯ, ಜಾಗ, ಯಾವ ಸೆಕ್ಷನ್ ಅನ್ನೋದು ಇರಬೇಕು. ವೇಗದ ಕೇಸಾದರೆ ಉಪಕರಣ ಅಳೆದ ಅಂಕಿಯೂ ಬೇಕು. ಉಪಕರಣಕ್ಕೆ ಪ್ರತಿವರ್ಷ ನವೀಕರಿಸಿದ ಪ್ರಮಾಣಪತ್ರ ಇರಬೇಕು, ಕ್ಯಾಮೆರಾ ಇರುವ ರಸ್ತೆಗೆ ಮೊದಲೇ ಎಚ್ಚರಿಕೆಯ ಫಲಕ ಹಾಕಿರಬೇಕು. ಇವುಗಳಲ್ಲಿ ಯಾವುದು ಇಲ್ಲವೋ ಅದನ್ನೇ ಹಿಡಿದು ಕೇಳಿ.

ಹಳೇ ಬಾಕಿಯದ್ದು ಬೇರೆ ಕಥೆ. ದಂಡ ಮಾತ್ರವೇ ಶಿಕ್ಷೆಯಾಗಿರುವ ಅಪರಾಧದಲ್ಲಿ ಆರು ತಿಂಗಳು ದಾಟಿದ ಮೇಲೆ ಕೋರ್ಟು ಕೇಸನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಮೊದಲು ಸಿಆರ್‌ಪಿಸಿಯ 468ರಲ್ಲಿ ಇದ್ದ ಈ ಮಿತಿ ಈಗ ಬಿಎನ್‌ಎಸ್‌ಎಸ್‌ನ 514ರಲ್ಲಿದೆ. ಹಾಗಂತ ಆರು ತಿಂಗಳಾದ ಕೂಡಲೇ ವೆಬ್‌ಸೈಟಿನಿಂದ ದಂಡ ತಾನಾಗೇ ಅಳಿಸಿಹೋಗಲ್ಲ. ತಕ್ಕ ಕಾರಣವಿದ್ದರೆ ವಿಳಂಬವನ್ನು ಕೋರ್ಟು ಮನ್ನಿಸಲೂಬಹುದು. ಆದರೆ ಮೂರು ವರ್ಷದ ಹಿಂದಿನ ಸಿಗ್ನಲ್ ಜಂಪ್ ತೋರಿಸಿ ಯಾರಾದರೂ ಹೆದರಿಸಿದರೆ, “ಕೋರ್ಟಿಗೆ ಯಾವಾಗ ಹಾಕಿದ್ರಿ ಸಾರ್?” ಅಂತ ಕೇಳುವ ಹಕ್ಕು ನಿಮಗಿದೆ. ಕುಡಿದು ಓಡಿಸಿದ ಕೇಸಿಗೆ ಈ ಲೆಕ್ಕ ಅನ್ವಯಿಸಲ್ಲ. ಅದರಲ್ಲಿ ಜೈಲೂ ಇದೆ, ರಾಜಿಯೂ ಇಲ್ಲ.

ಕೋರ್ಟಿನಲ್ಲಿ ಎರಡು ದಿನ

ನಾನು ಮೊದಲು ಠಾಣೆಗೆ ಲಿಖಿತ ದೂರು ಕೊಟ್ಟೆ. ಆರ್‌ಸಿ ನಕಲು, ನನ್ನ ಸ್ಕೂಟರಿನ ಫೋಟೊ, ಅವರ ಫೋಟೊದ ಪ್ರಿಂಟ್ ಲಗತ್ತಿಸಿ ಸ್ವೀಕೃತಿ ಸೀಲು ಹಾಕಿಸಿಕೊಂಡೆ. ಎಷ್ಟೋ ಕೇಸು ಈ ಹಂತದಲ್ಲೇ ರದ್ದಾಗುತ್ತವೆ. ನನ್ನದಾಗಲಿಲ್ಲ, ಸಮನ್ಸ್ ಬಂತು. ವರ್ಚುವಲ್ ಕೋರ್ಟಿಗೆ ಹೋದ ಕೇಸಾದರೆ ಆ ಪೋರ್ಟಲ್‌ನಲ್ಲಿ ದಂಡ ಕಟ್ಟುವ ಆಯ್ಕೆಯ ಜೊತೆ ಕೇಸು ನಡೆಸುವ ಆಯ್ಕೆಯೂ ಇರುತ್ತೆ. ಎರಡನೆಯದನ್ನು ಒತ್ತಿದರೆ ಕೇಸು ಮಾಮೂಲಿ ಕೋರ್ಟಿಗೆ ಬರುತ್ತೆ.

ಬೆಳಗ್ಗೆ ಹನ್ನೊಂದಕ್ಕೆ ಹೋದವನ ಹೆಸರು ಕೂಗಿದ್ದು ಮಧ್ಯಾಹ್ನ ಮೂರಕ್ಕೆ. ಪಕ್ಕದಲ್ಲಿ ಒಬ್ಬ ಡೆಲಿವರಿ ಹುಡುಗ ಕೂತಿದ್ದ. ಅವನ ಫೋಟೊದಲ್ಲಿ ಹೆಲ್ಮೆಟ್ ಇತ್ತು, ಕಪ್ಪು ಬಣ್ಣದ್ದು, ಕ್ಯಾಮೆರಾಗೆ ಕೂದಲಿನ ಹಾಗೆ ಕಂಡಿರಬೇಕು. “ಹೇಳು ಹಾಗಂತ” ಅಂದೆ. “ಅಣ್ಣ, ಹೇಳಿದ್ರೆ ಇನ್ನೊಂದ್ ದಿನ ಬರ್ಬೇಕು. ಇವತ್ತಿನ ಇನ್ಸೆಂಟಿವ್ ಆಗ್ಲೇ ಹೋಯ್ತು” ಅಂದ. ಒಳಗೆ ಹೋಗಿ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಓಡಿದ. ಮಾಡದ ತಪ್ಪಿಗೆ.

ನನ್ನ ಸರದಿ ಬಂದಾಗ “ತಪ್ಪು ಒಪ್ಕೋತೀರಾ?” ಅಂತ ಕೇಳಿದರು. “ಇಲ್ಲ ಸ್ವಾಮಿ, ಗಾಡಿ ನನ್ನದಲ್ಲ” ಅಂದೆ. ಈ ಉತ್ತರವನ್ನು ದಾಖಲಿಸಿಕೊಂಡು ಮುಂದಿನ ದಿನಾಂಕ ಕೊಟ್ಟರು. ವಕೀಲರು ಬೇಕೇಬೇಕು ಅಂತೇನಿಲ್ಲ, ನಾನೇ ಮಾತಾಡಿದೆ. ಬೇಕು ಅನ್ನಿಸಿದರೆ 15100ಕ್ಕೆ ಕರೆ ಮಾಡಿ. ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಳಿದವರು ಆದಾಯ ಕಡಿಮೆ ಇದ್ದರೆ, ಉಚಿತ ವಕೀಲರನ್ನು ಕೇಳಬಹುದು. ಆ ಹುಡುಗನಿಗೆ ಇದು ಗೊತ್ತಿರಲಿಲ್ಲ. ಅವತ್ತು ನನಗೂ ಗೊತ್ತಿರಲಿಲ್ಲ.

ಎರಡನೇ ದಿನ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಬಂದಿದ್ದ ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು ನೋಡಿ, “ಹೌದು, ಇದು ಮೂರು” ಅಂದರು. ಹತ್ತು ನಿಮಿಷದಲ್ಲಿ ಖುಲಾಸೆ. 500 ರೂಪಾಯಿ ಉಳಿಸೋಕೆ ನನಗೆ ಎರಡು ದಿನದ ರಜೆ, ಆಟೊ ಖರ್ಚು. ನನಗೆ ಸಂಬಳದ ರಜೆ ಇತ್ತು, ಅದಕ್ಕೇ ಆಯ್ತು.

ಗೆದ್ದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ. ಆದೇಶದ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಹಾಕಿ. ಕೋರ್ಟು ಬಿಟ್ಟರೂ ಪೊಲೀಸರ ಕಂಪ್ಯೂಟರ್ ಬಿಟ್ಟಿರಲ್ಲ. ನನ್ನ ಹೆಸರಿನಲ್ಲಿ ಆ 500 ರೂಪಾಯಿ ಬಾಕಿ ಇನ್ನೂ ತೋರಿಸುತ್ತಲೇ ಇತ್ತು. ನಕಲು ಹಿಡಿದು ಮತ್ತೆ ಠಾಣೆಗೆ ಹೋಗಿ ಕೊಟ್ಟ ಮೇಲೆ, ನಾಲ್ಕನೇ ದಿನ ಆ ಸಾಲು ಅಳಿಸಿತು.