ದುಡಿಯುವ ತಾಯಿ, ಹಾಲು ಬಿಡುವ ಮಗು: ಒಂದು ಚರಿತ್ರೆ

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹೊರಟರೆ ಗಾಜನೂರಿನ ತುಂಗಾ ಅಣೆಕಟ್ಟು ಸಿಗುತ್ತದೆ. ಅದರ ಹಿನ್ನೀರಿನ ಅಂಚಿನಲ್ಲೇ ಸಕ್ರೆಬೈಲಿನ ಆನೆ ಬಿಡಾರವಿದೆ. ಶಾಲಾ ಪ್ರವಾಸದಲ್ಲಿ ನೀವು ಅಲ್ಲಿಗೆ ಹೋಗಿದ್ದರೆ ತಾಯಾನೆಯ ಮುಂಗಾಲುಗಳ ನಡುವೆ ಬಾಯಿಟ್ಟು ಹಾಲು ಕುಡಿಯುವ ಮರಿಯನ್ನು ಕಂಡಿರಬಹುದು. ಆನೆಮರಿ ಕೆಲವು ತಿಂಗಳಲ್ಲೇ ಹುಲ್ಲು, ಸೊಪ್ಪು ಕಡಿಯಲು ಕಲಿಯುತ್ತದೆ. ಆದರೂ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಹಾಲನ್ನು ಬಿಡುವುದಿಲ್ಲ. ಸ್ತನಿಗಳಲ್ಲಿ ಹಾಲು ಬಿಡುವುದು ಒಂದು ದಿನದ ಘಟನೆಯಲ್ಲ, ನಿಧಾನವಾಗಿ ನಡೆಯುವ ಕ್ರಿಯೆ.

ಮನುಷ್ಯರಲ್ಲಿ ಮಾತ್ರ ಈ ಕ್ರಿಯೆಗೆ ಹೊರಗಿನಿಂದ ಗಡುವು ಬೀಳುತ್ತದೆ. ಅದು ಕೂಲಿಯ ಗಡುವು, ಕಾರ್ಖಾನೆಯ ಸೈರನ್ನಿನ ಗಡುವು, ರಜೆ ಮುಗಿಯುವ ದಿನದ ಗಡುವು. ತಾಯಿಯ ದೇಹದ ಕಾಲಕ್ಕೂ ದುಡಿಮೆಯ ಕಾಲಕ್ಕೂ ನಡುವೆ ಉಳಿದ ಅಂತರವನ್ನು ಸಮಾಜ ಹೇಗೆ ತುಂಬಿತು ಎಂಬುದನ್ನು ಇಲ್ಲಿ ನೋಡೋಣ.

ಒಳಲೆಯ ಕಾಲ

ನಿಮ್ಮ ಮನೆಯ ಹಳೆಯ ಪಾತ್ರೆಗಳ ನಡುವೆ ಹುಡುಕಿದರೆ ಕೊಕ್ಕಿನಂಥ ಮೂತಿಯ ಪುಟ್ಟ ಬಟ್ಟಲೊಂದು ಸಿಗಬಹುದು. ಅದೇ ಒಳಲೆ. ತಾಯಿ ಗದ್ದೆಗೋ ತೋಟಕ್ಕೋ ಹೋದಾಗ ಅಜ್ಜಿ ಇದರಲ್ಲೇ ಮಗುವಿಗೆ ಹಾಲು ಹಾಕುತ್ತಿದ್ದಳು. ಒಳಲೆಗೆ ಸಂದುಗೊಂದುಗಳಿಲ್ಲ, ತೊಳೆಯುವುದು ಸುಲಭ. ಬಾಟಲಿಯ ರಬ್ಬರ್ ತೊಟ್ಟಿನಲ್ಲಿ ಅಡಗುವಂತೆ ಬ್ಯಾಕ್ಟೀರಿಯಗಳಿಗೆ ಇಲ್ಲಿ ಅಡಗುವ ಜಾಗವಿಲ್ಲ. ತಮಿಳುನಾಡಿನಲ್ಲಿ ಪಾಲಾಡೈ ಎನ್ನುವ ಇದೇ ಪಾತ್ರೆಯನ್ನು ದಕ್ಷಿಣ ಭಾರತದ ಅನೇಕ ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಬಳಸುತ್ತಾರೆ.

ಆರನೆಯ ತಿಂಗಳ ಅನ್ನಪ್ರಾಶನ, ಅದರ ಬೆನ್ನಿಗೆ ರಾಗಿ ಸರಿ ಅಥವಾ ಮಣ್ಣಿ, ಕೊನೆಗೆ ಮಗು ಎದೆ ಬಿಡದಿದ್ದರೆ ಬೇವಿನ ಕಹಿ: ಹಳೆಯ ಕ್ರಮ ಇದು. ಇದರಲ್ಲಿ ದೋಷಗಳೂ ಇದ್ದವು. ಹುಟ್ಟಿದ ಕೂಡಲೆ ಬರುವ ಹಳದಿ ಗಿಣ್ಣುಹಾಲನ್ನು ಚೆಲ್ಲುವುದು, ಜೇನು ನೆಕ್ಕಿಸುವುದು ಅಂಥವು. ಆದರೆ ಎರಡು ಸಂಗತಿಗಳು ಸರಿಯಾಗಿದ್ದವು. ಘನಾಹಾರ ಆರು ತಿಂಗಳ ಸುಮಾರಿಗೆ ಆರಂಭವಾಗುತ್ತಿತ್ತು, ಅದರ ಜೊತೆಗೆ ಎದೆಹಾಲೂ ಮುಂದುವರಿಯುತ್ತಿತ್ತು. ಹುಟ್ಟುವಾಗ ಶಿಶುವಿನ ದೇಹದಲ್ಲಿ ಸಂಗ್ರಹವಾಗಿದ್ದ ಕಬ್ಬಿಣಾಂಶ ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ. ಆದ್ದರಿಂದ ಆಗ ಬೇರೆ ಆಹಾರ ಬೇಕೇ ಬೇಕು.

ಸೈರನ್ ಕೂಗಿದ ಮೇಲೆ

1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಮುಂದೆ ಅಲ್ಲಿಗೆ ಕಾಗದದ ಕಾರ್ಖಾನೆಯೂ ಬಂತು. ಕೈಗಾರಿಕಾ ಪಟ್ಟಣಗಳು ಬೆಳೆದಂತೆ ಹಳ್ಳಿಯ ಅಜ್ಜಿ ಹಳ್ಳಿಯಲ್ಲೇ ಉಳಿದಳು, ಚಿಕ್ಕ ಕುಟುಂಬ ಕ್ವಾರ್ಟರ್ಸಿಗೆ ಬಂತು. ಆಗ ಮಗುವನ್ನು ನೋಡಿಕೊಳ್ಳುವ ಪ್ರಶ್ನೆ ಮನೆಯಿಂದ ಹೊರಬಂದು ಕಾಯಿದೆಯ ಪ್ರಶ್ನೆಯಾಯಿತು.

ಈ ಪ್ರಶ್ನೆ ಆ ಹೊತ್ತಿಗಾಗಲೇ ಜಗತ್ತಿನಲ್ಲಿ ಚರ್ಚೆಯಲ್ಲಿತ್ತು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆರಿಗೆ ರಕ್ಷಣೆಯ ಒಪ್ಪಂದವನ್ನು ರೂಪಿಸಿತು. ಹಾಲೂಡಿಸುವ ತಾಯಿಗೆ ಕೆಲಸದ ನಡುವೆ ದಿನಕ್ಕೆ ಎರಡು ಬಾರಿ ಅರ್ಧ ಗಂಟೆಯ ಬಿಡುವು ಕೊಡಬೇಕೆಂದು ಅದು ಹೇಳಿತು. ಭಾರತದಲ್ಲಿ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನ ಮುಂದೆ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ದೊರಕುವುದು ರಾಷ್ಟ್ರದ ಹಿತಕ್ಕೆ ಸೇರಿದ್ದು, ಆದ್ದರಿಂದ ಅದರ ವೆಚ್ಚದಲ್ಲಿ ಸರ್ಕಾರಕ್ಕೂ ಹೊಣೆಯಿದೆ ಎಂಬುದು ಅವರ ವಾದ. ಮರುವರ್ಷ ಆ ಕಾಯಿದೆ ಜಾರಿಗೆ ಬಂತು.

ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆ ಹೆಚ್ಚು ಮಹಿಳೆಯರಿರುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1961ರ ಹೆರಿಗೆ ಸೌಲಭ್ಯ ಕಾಯಿದೆ 12 ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲೂಡಿಸಲು ಬಿಡುವನ್ನೂ ವಿಧಿಸಿತು.

ಇಲ್ಲಿ ಒಂದು ಲೆಕ್ಕ ಮಾಡಿ. ಹೆರಿಗೆಗೆ ಮುಂಚೆ 6 ವಾರ ರಜೆ ಹಾಕಿದ ತಾಯಿ ಕೆಲಸಕ್ಕೆ ಮರಳುವಾಗ ಮಗುವಿಗೆ ಒಂದೂವರೆ ತಿಂಗಳು. ಅದಕ್ಕೆ ಬೇರೆ ಆಹಾರ ಕೊಡಬಹುದಾದ ವಯಸ್ಸಿಗೆ ಇನ್ನೂ ನಾಲ್ಕೂವರೆ ತಿಂಗಳು ಬಾಕಿ. ಶಿಶುಪಾಲನಾ ಕೊಠಡಿ ಹತ್ತಿರದಲ್ಲಿಲ್ಲದಿದ್ದರೆ ಹಾಲೂಡಿಸುವ ಬಿಡುವು ಕಾಗದದ ಮೇಲಷ್ಟೇ ಉಳಿಯುತ್ತಿತ್ತು. ಈ ನಾಲ್ಕೂವರೆ ತಿಂಗಳ ಅಂತರಕ್ಕೆ ಹಾಲಿನ ಪುಡಿ ಬಂದು ಕೂತಿತು.

ಎಮ್ಮೆ ಹಾಲು ಮತ್ತು ಮೈಸೂರು

ಶಿಶುಗಳಿಗಾಗಿ ಕೃತಕ ಆಹಾರ 1860ರ ದಶಕದಲ್ಲಿ ಯೂರೋಪಿನಲ್ಲಿ ಹುಟ್ಟಿತು. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್, ಸ್ವಿಟ್ಜರ್ಲೆಂಡಿನ ಹೆನ್ರಿ ನೆಸ್ಲೆ ಇದನ್ನು ಮಾರುಕಟ್ಟೆಗೆ ತಂದ ಮೊದಲಿಗರು. ಭಾರತಕ್ಕೆ ಬಂದ ಶಿಶು ಆಹಾರದ ಡಬ್ಬಿಗಳು ಬಹುಕಾಲ ವಿದೇಶದವು. ಅವುಗಳ ಆಧಾರ ಹಸುವಿನ ಹಾಲು. ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆ ಹಾಲು, ಅದರಿಂದ ಶಿಶು ಆಹಾರ ಮಾಡಲಾಗದೆಂದು ತಜ್ಞರು ನಂಬಿದ್ದರು. ಕಾರಣವನ್ನು ಅಂಕಿಗಳಲ್ಲಿ ನೋಡಿ. 100 ಗ್ರಾಮ್ ಎದೆಹಾಲಿನಲ್ಲಿ ಪ್ರೋಟೀನ್ ಸುಮಾರು 1.1 ಗ್ರಾಮ್, ಕೊಬ್ಬು 3.4 ಗ್ರಾಮ್. ಹಸುವಿನ ಹಾಲಿನಲ್ಲಿ ಇವು 3.2 ಮತ್ತು 4.1. ಎಮ್ಮೆಯ ಹಾಲಿನಲ್ಲಿ 4.3 ಮತ್ತು 6.5. ಕೇಸೀನ್ ಎಂಬ ಪ್ರೋಟೀನ್ ಹೆಚ್ಚಿರುವುದರಿಂದ ಎಮ್ಮೆ ಹಾಲು ಮಗುವಿನ ಜಠರದಲ್ಲಿ ಗಟ್ಟಿ ಗೆಡ್ಡೆಯಾಗುತ್ತದೆ.

ಈ ತೊಡಕನ್ನು ಬಿಡಿಸಿದ್ದು ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದ ಈ ಸಂಸ್ಥೆ ಒಂದು ದಶಕದೊಳಗೆ ಎಮ್ಮೆ ಹಾಲನ್ನು ಶಿಶುವಿಗೆ ಒಗ್ಗುವಂತೆ ಮಾರ್ಪಡಿಸಿ ಪುಡಿ ಮಾಡುವ ವಿಧಾನವನ್ನು ಕಂಡುಹಿಡಿಯಿತು. ಗುಜರಾತಿನ ಆನಂದದ ಹಾಲು ಸಹಕಾರ ಸಂಘ ಅದನ್ನು ಅಮುಲ್ ಹೆಸರಿನಲ್ಲಿ ತಯಾರಿಸಿತು. ಆಮದು ತಗ್ಗಿತು. ವಿಜ್ಞಾನದ ದೃಷ್ಟಿಯಿಂದ ಇದು ದೊಡ್ಡ ಗೆಲುವೇ.

ಆದರೆ ಪುಡಿಯ ಜೊತೆ ಶುದ್ಧ ನೀರು, ಕುದಿಸಿದ ಪಾತ್ರೆ, ತಿಂಗಳು ಪೂರ್ತಿ ಡಬ್ಬಿ ಕೊಳ್ಳುವಷ್ಟು ಹಣ ಇವೆಲ್ಲವೂ ಬೇಕು. ಬಡ ಮನೆಗಳಲ್ಲಿ ನಾಲ್ಕು ಚಮಚದ ಬದಲು ಎರಡು ಚಮಚ ಬೆರೆಸಿದರು. ಮಗು ಸೊರಗಿತು, ಕಲುಷಿತ ನೀರಿನಿಂದ ಭೇದಿಯೂ ಬಂತು. ಇದು ಜಗತ್ತಿನ ಎಲ್ಲ ಬಡ ದೇಶಗಳ ಅನುಭವ. ಸಿಂಗಪುರದಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲೇ ಈ ಬಗ್ಗೆ ಕಟುವಾಗಿ ಎಚ್ಚರಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಎದೆಹಾಲಿನ ಬದಲಿಗಳ ಮಾರಾಟಕ್ಕೆ ನಿಯಮಾವಳಿ ತಂದಿತು. ಭಾರತ 1992ರಲ್ಲಿ ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ ಮಾಡಿತು, 2003ರಲ್ಲಿ ಅದನ್ನು ಬಿಗಿಗೊಳಿಸಿತು.

ಮೊಳಕೆ ರಾಗಿಯ ಗುಟ್ಟು

ಮೈಸೂರಿನ ಅದೇ ಸಂಸ್ಥೆಯಿಂದ ಇನ್ನೊಂದು ಕೊಡುಗೆಯೂ ಬಂತು. ರಾಗಿ ಹಿಟ್ಟನ್ನು ಬೇಯಿಸಿದರೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಗಟ್ಟಿಯಾಗುತ್ತವೆ. ಗಟ್ಟಿ ಸರಿಯನ್ನು ಆರು ತಿಂಗಳ ಮಗು ನುಂಗಲಾರದು. ನೀರು ಬೆರೆಸಿ ತೆಳು ಮಾಡಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ, ಶಕ್ತಿ ಸಾಲದು. 1982ರಲ್ಲಿ ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ಪ್ರಕಟಿಸಿದರು. ಮೊಳೆಯುವ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದ ಸರಪಳಿಗಳನ್ನು ತುಂಡರಿಸುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗಿರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮ್ಮ ಮನೆಗಳ ಅಭ್ಯಾಸದ ಹಿಂದಿರುವ ವಿಜ್ಞಾನ ಇದೇ.

ಅಧ್ಯಾಪಕರೇ, ಇದನ್ನು ತರಗತಿಯಲ್ಲಿ ತೋರಿಸಬಹುದು. ಸಾಮಾನ್ಯ ರಾಗಿ ಹಿಟ್ಟಿನ ಗಟ್ಟಿ ಗಂಜಿಯನ್ನು ಎರಡು ಲೋಟಗಳಿಗೆ ಹಾಕಿ. 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಆರಿದಾಗ ಒಂದಕ್ಕೆ ಮಾತ್ರ ಒಂದು ಚಮಚ ಮೊಳಕೆ ರಾಗಿಯ ಹಿಟ್ಟು ಬೆರೆಸಿ ಕಲಕಿ. ಕೆಲವೇ ನಿಮಿಷಗಳಲ್ಲಿ ಅದು ನೀರಾಗತೊಡಗುತ್ತದೆ. ಕುದಿಯುವ ಗಂಜಿಗೆ ಹಾಕಿದರೆ ಹೀಗಾಗದು, ಏಕೆಂದರೆ ಕಿಣ್ವ ನಾಶವಾಗುತ್ತದೆ.

ದೇಹದ ಲೆಕ್ಕ

ಎದೆಹಾಲು ಬೇಡಿಕೆಗೆ ತಕ್ಕಂತೆ ಉತ್ಪತ್ತಿಯಾಗುತ್ತದೆ. ಮಗು ಚೀಪಿದಾಗ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ. ಹಾಲು ಖಾಲಿಯಾಗದೆ ನಿಂತರೆ ಆ ಸ್ತನದಲ್ಲೇ ಉತ್ಪಾದನೆ ತಗ್ಗುತ್ತದೆ. ಆಡುಗಳಲ್ಲಿ ಒಂದೇ ಕಡೆಯ ಕೆಚ್ಚಲನ್ನು ಹೆಚ್ಚು ಸಲ ಕರೆದಾಗ ಆ ಕಡೆ ಮಾತ್ರ ಹಾಲು ಹೆಚ್ಚಿದ್ದು ಈ ಸ್ಥಳೀಯ ನಿಯಂತ್ರಣಕ್ಕೆ ಸಾಕ್ಷಿ. ಹೀಗಾಗಿ ಹಾಲನ್ನು ಒಮ್ಮೆಲೆ ನಿಲ್ಲಿಸಿದರೆ ಎದೆ ಕಟ್ಟಿ, ಬಾವು, ಜ್ವರ ಬರಬಹುದು. ಕೆಲಸಕ್ಕೆ ಮರಳುವ ತಾಯಿ ಕೆಲವು ದಿನಗಳಿಗೆ ಒಂದರಂತೆ ಹಗಲಿನ ಊಡಿಕೆಯನ್ನು ಕಡಿಮೆ ಮಾಡುತ್ತ ಬರಬಹುದು, ಬೆಳಿಗ್ಗೆ ಮತ್ತು ರಾತ್ರಿಯ ಊಡಿಕೆಯನ್ನು ಉಳಿಸಿಕೊಳ್ಳಬಹುದು. ಮಗುವಿಗೆ ಆರು ತಿಂಗಳು ತುಂಬದಿದ್ದರೆ ಹಿಂಡಿಟ್ಟ ಹಾಲೇ ಸೂಕ್ತ. ಅದು 25 ಡಿಗ್ರಿವರೆಗಿನ ಉಷ್ಣತೆಯಲ್ಲಿ 4 ಗಂಟೆ, ರೆಫ್ರಿಜರೇಟರಿನಲ್ಲಿ 4 ದಿನ ಕೆಡುವುದಿಲ್ಲ. ಕುಡಿಸಲು ಒಳಲೆ ಇದ್ದೇ ಇದೆ.

26 ವಾರ ಯಾರಿಗೆ?

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸ್ಪಷ್ಟಪಡಿಸಿತು. ಭಾರತದ ಕಾಯಿದೆ ಅದರ ಹತ್ತಿರಕ್ಕೆ ಬರಲು 16 ವರ್ಷ ಹಿಡಿಯಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ, ಅಲ್ಲಿಗೆ ದಿನಕ್ಕೆ ನಾಲ್ಕು ಭೇಟಿ ಎಂದೂ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ.

ಈಗ ಮತ್ತೆ ಗಾಜನೂರಿನ ಸುತ್ತಲಿನ ತೋಟಗಳ ಕಡೆ ನೋಡಿ. ಅಡಿಕೆ ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೆ ಕುಳಿತು ಸುಲಿಯುವ ಹೆಂಗಸಿಗೆ ಕೂಲಿ ಸಿಗುವುದು ಡಬ್ಬದ ಲೆಕ್ಕದಲ್ಲಿ. ಹಾಲೂಡಿಸಲು ಎದ್ದರೆ ಲೆಕ್ಕ ತಗ್ಗುತ್ತದೆ. ಅವಳಿಗೆ ರಜೆ ಕೊಡುವ ಮಾಲೀಕನೂ ಇಲ್ಲ, ನೌಕರರ ಪಟ್ಟಿಯೂ ಇಲ್ಲ. 2023ರಲ್ಲಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ಆರಂಭಿಸಿದ ‘ಕೂಸಿನ ಮನೆ’ಗಳು ಕೂಲಿಗೆ ಹೋಗುವ ತಾಯಂದಿರನ್ನು ತಲುಪುವ ಒಂದು ಪ್ರಯತ್ನ.

ಎಮ್ಮೆ ಹಾಲಿನ ರಸಾಯನ ವಿಜ್ಞಾನವನ್ನೂ ರಾಗಿಯ ಕಿಣ್ವವನ್ನೂ ನಮ್ಮ ನಾಡಿನ ವಿಜ್ಞಾನಿಗಳು ಬಿಡಿಸಿ ತೋರಿಸಿದ್ದಾರೆ. ಇನ್ನು ಬಿಡಿಸಬೇಕಾದದ್ದು ಸಮಯದ ಲೆಕ್ಕ. ನಿಮ್ಮ ಊರಿನಲ್ಲಿ ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಮರಳುವ ತಾಯಂದಿರು ಎಷ್ಟು, ಆಗ ಮಗು ಯಾರ ಬಳಿ ಇರುತ್ತದೆ, ಏನು ಕುಡಿಯುತ್ತದೆ ಎಂದು ನಿಮ್ಮ ವಿದ್ಯಾರ್ಥಿಗಳು ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ ಸಮೀಕ್ಷೆ ಮಾಡಲಿ. ಉತ್ತರಗಳನ್ನು ಗ್ರಾಮಸಭೆಯ ಮುಂದಿಡಿ.