ಬಂಡೆ ಸಿಡಿಸಿದ ಬಾವಿಯಲ್ಲಿ ವಿಷಾನಿಲ: ಅಪಾಯ ಮತ್ತು ಮುನ್ನೆಚ್ಚರಿಕೆ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯಂತಹ ಬರಪೀಡಿತ ಪ್ರದೇಶಗಳಲ್ಲಿ ಅಂತರ್ಜಲ ಕುಸಿದಾಗ, ತೆರೆದ ಬಾವಿಯ ಆಳವನ್ನು ಹೆಚ್ಚಿಸಲು ತಳದ ಬಂಡೆಗೆ ಮದ್ದಿಟ್ಟು ಸಿಡಿಸುವುದುಂಟು. ಹಾರುವ ಕಲ್ಲಿನ ಅಪಾಯ ಎಲ್ಲರಿಗೂ ತಿಳಿದಿದೆ. ಸಿಡಿತದ ನಂತರ ಬಾವಿಯಲ್ಲಿ ಉಳಿಯುವ ಅನಿಲದ ಅಪಾಯ ಅದಕ್ಕಿಂತ ಕಡಿಮೆಯದಲ್ಲ.

ಸಂಶೋಧನೆಯ ಹಿನ್ನೆಲೆ
ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರು ಕಲ್ಲಿದ್ದಲು ಗಣಿ ಸ್ಫೋಟಗಳಲ್ಲಿ ಮೃತಪಟ್ಟವರನ್ನು ಪರೀಕ್ಷಿಸಿ 1896ರಲ್ಲಿ ವರದಿ ಸಲ್ಲಿಸಿದರು. ಹೆಚ್ಚಿನವರು ಸತ್ತದ್ದು ಸ್ಫೋಟದ ಹೊಡೆತದಿಂದಲ್ಲ, ಅನಂತರ ಉಸಿರಾಡಿದ ಕಾರ್ಬನ್ ಮೊನಾಕ್ಸೈಡ್‌ನಿಂದ ಎಂಬುದು ಅದರ ಮುಖ್ಯ ನಿರ್ಣಯ. ಗಾಳಿಯಾಡದ ಬಾವಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಅನಿಲಗಳ ಸ್ವರೂಪ
• ಕಾರ್ಬನ್ ಮೊನಾಕ್ಸೈಡ್: ಬಣ್ಣ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ನೊಂದಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆರೆಯುತ್ತದೆ. ಗಾಳಿಯಲ್ಲಿ ಶೇ 1ರಷ್ಟಿದ್ದರೂ ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯ. ಒಡೆದ ಕಲ್ಲಿನ ಸಂದಿಗಳಲ್ಲಿ ಸಿಲುಕಿ, ಕಲ್ಲು ತೆಗೆಯುವಾಗ ಹೊರಬರುತ್ತದೆ.
• ನೈಟ್ರೋಜನ್ ಡೈಆಕ್ಸೈಡ್: ಕೆಂಗಂದು ಬಣ್ಣ, ಘಾಟು ವಾಸನೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಮದ್ದು ನೀರಿನಲ್ಲಿ ನೆನೆದಿದ್ದರೆ ಹೆಚ್ಚು ಉತ್ಪತ್ತಿಯಾಗುತ್ತದೆ. ಉಸಿರಾಡಿದ ಹಲವು ಗಂಟೆಗಳ ನಂತರವೂ ಶ್ವಾಸಕೋಶದಲ್ಲಿ ನೀರು ತುಂಬಬಹುದು.

ದೀಪದ ಪರೀಕ್ಷೆ ಸಾಲದು
ಲಾಟೀನು ಇಳಿಬಿಟ್ಟು ನೋಡುವ ರೂಢಿಯಿಂದ ಆಮ್ಲಜನಕದ ತೀವ್ರ ಕೊರತೆಯನ್ನಷ್ಟೇ ತಿಳಿಯಬಹುದು. ಪ್ರಾಣಹಾನಿಯಾಗುವಷ್ಟು ಕಾರ್ಬನ್ ಮೊನಾಕ್ಸೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಆದ್ದರಿಂದ ದೀಪ ಉರಿದ ಮಾತ್ರಕ್ಕೆ ಬಾವಿ ಸುರಕ್ಷಿತವೆಂದು ಭಾವಿಸಬಾರದು.

ಮುನ್ನೆಚ್ಚರಿಕೆ ಕ್ರಮಗಳು
1. ಪರವಾನಗಿ ಪಡೆದವರಿಂದ ಮಾತ್ರ ಮದ್ದು ಸಿಡಿಸಬೇಕು.
2. ಬ್ಲೋವರ್‌ನ ಕೊಳವೆಯನ್ನು ತಳದವರೆಗೆ ಇಳಿಸಿ ಹೊಸ ಗಾಳಿ ಹಾಯಿಸಬೇಕು. ಕಲ್ಲು ತೆಗೆಯುವಾಗಲೂ ಇದನ್ನು ನಿಲ್ಲಿಸಬಾರದು.
3. ಅನಿಲ ಮಾಪಕದಿಂದ ಪರೀಕ್ಷಿಸಿದ ನಂತರವೇ ಇಳಿಯಬೇಕು.
4. ಡೀಸೆಲ್ ಎಂಜಿನ್ ಅನ್ನು ಬಾವಿಯೊಳಗೆ ಇಳಿಸಿ ನಡೆಸಬಾರದು. ಅದರ ಹೊಗೆಯಲ್ಲಿಯೂ ಇದೇ ಅನಿಲವಿರುತ್ತದೆ.
5. ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಕನಿಷ್ಠ ಇಬ್ಬರು ನಿಗಾ ವಹಿಸಬೇಕು.

ಯಾರಾದರೂ ಕುಸಿದು ಬಿದ್ದರೆ
ಕಾಪಾಡಲು ಹಿಂದೆಯೇ ಇಳಿಯಬಾರದು. ಇಳಿದವರೂ ಅದೇ ಗಾಳಿಯನ್ನು ಉಸಿರಾಡುತ್ತಾರೆ. ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಈ ಅನಿಲವನ್ನು ತಡೆಯದು. ಹಗ್ಗವಿದ್ದರೆ ಮೇಲಿನಿಂದಲೇ ಎಳೆಯಬೇಕು. ಕೂಡಲೇ 112ಕ್ಕೆ ಕರೆ ಮಾಡಿ ಉಸಿರಾಟದ ಸಾಧನವುಳ್ಳ ಅಗ್ನಿಶಾಮಕ ಸಿಬ್ಬಂದಿಯನ್ನು, 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಅನ್ನು ಕರೆಸಬೇಕು.

ಆಸ್ಪತ್ರೆಯಲ್ಲಿ ರೋಗಿಯು ಮದ್ದು ಸಿಡಿಸಿದ ಬಾವಿಗೆ ಇಳಿದಿದ್ದನ್ನು ತಪ್ಪದೇ ತಿಳಿಸಬೇಕು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಈ ವಿಷಬಾಧೆಯಲ್ಲಿ ಆಮ್ಲಜನಕ ಸರಿಯಿದೆಯೆಂದೇ ತೋರಿಸಬಹುದು. ಕೆಂಗಂದು ಹೊಗೆ ಕುಡಿದವರು ಚೇತರಿಸಿಕೊಂಡಂತೆ ಕಂಡರೂ ಕನಿಷ್ಠ ಒಂದು ದಿನ ವೈದ್ಯರ ನಿಗಾದಲ್ಲಿರುವುದು ಅವಶ್ಯಕ.

ವಿಸ್ತರಣಾ ಕಾರ್ಯಕರ್ತರು ಬೇಸಿಗೆಯಲ್ಲಿ ಬಾವಿ ಕೆಲಸ ಆರಂಭವಾಗುವ ಮುನ್ನವೇ ಗ್ರಾಮಸಭೆಗಳಲ್ಲಿ ಈ ಮಾಹಿತಿಯನ್ನು ತಿಳಿಸುವುದು ಸೂಕ್ತ.