641 ಕೆಡವಿದ ಊಹೆ

3, 5, 17, 257, 65,537 – ಓದುಗರೇ, ಈ ಐದು ಸಂಖ್ಯೆಗಳನ್ನು ಗಮನಿಸಿ. ಐದೂ ಅವಿಭಾಜ್ಯಗಳು. 2ಕ್ಕೆ ಕ್ರಮವಾಗಿ 1, 2, 4, 8, 16 ಎಂಬ ಘಾತಾಂಕಗಳನ್ನು ಕೊಟ್ಟು, ಬಂದ ಬೆಲೆಗೆ 1ನ್ನು ಕೂಡಿದರೆ ಇವು ದೊರೆಯುತ್ತವೆ. ಮುಂದಿನ ಘಾತಾಂಕ 32. ಆಗ ಬರುವ ಸಂಖ್ಯೆ 429,49,67,297. ಇದೂ ಅವಿಭಾಜ್ಯವೇ?

ಹೌದೆಂದು ನಂಬಿದ್ದವನು ಫ್ರಾನ್ಸಿನ ಪಿಯರ್ ದ ಫರ್ಮಾ. ತುಲೂಸ್ ನಗರದಲ್ಲಿ ನ್ಯಾಯಾಂಗದ ಉದ್ಯೋಗ, ಬಿಡುವಿನಲ್ಲಿ ಗಣಿತ. ಈ ಸರಣಿಯ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು ಅವನು 1640ರಲ್ಲಿ ಫ್ರೆನಿಕಲ್‌ಗೆ ಪತ್ರ ಬರೆದ. ಸಾಧನೆ ತನಗೆ ಸಿಕ್ಕಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ.

1729ರ ಡಿಸೆಂಬರಿನಲ್ಲಿ ಗೋಲ್ಡ್‌ಬಾಕ್ ಈ ಹೇಳಿಕೆಯತ್ತ ಆಯ್ಲರ್‌ನ ಗಮನ ಸೆಳೆದ. ಆಯ್ಲರ್ ಆಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ. 1732ರಲ್ಲಿ, 25ರ ಪ್ರಾಯದಲ್ಲಿ, ಅವನು ತೋರಿಸಿದ್ದು ಇದು:

429,49,67,297 = 641 × 67,00,417

ಉದ್ದದ ಗುಣಾಕಾರ ಮಾಡದೆಯೂ ಇದನ್ನು ನೀವು ತಾಳೆ ನೋಡಬಹುದು. 2ರ 16ನೇ ಘಾತ 65,536. ಅದನ್ನು 641ರಿಂದ ಭಾಗಿಸಿದರೆ ಶೇಷ 154. 2ರ 32ನೇ ಘಾತವೆಂದರೆ 65,536ರ ವರ್ಗ. ಆದ್ದರಿಂದ ಶೇಷವನ್ನೇ ವರ್ಗ ಮಾಡಿದರೆ ಸಾಕು. 154ರ ವರ್ಗ 23,716. ಅದಕ್ಕೆ 1 ಕೂಡಿದರೆ 23,717, ಅಂದರೆ ಸರಿಯಾಗಿ 641 × 37. ಶೇಷ ಉಳಿಯುವುದಿಲ್ಲ. ತರಗತಿಯಲ್ಲಿ ಐದು ನಿಮಿಷದ ಕೆಲಸ.

ಆದರೆ 641ನ್ನೇ ಹುಡುಕಿದ್ದು ಹೇಗೆ? ಆಯ್ಲರ್ ಅದರ ದಾರಿಯನ್ನು ವಿವರಿಸಿದ್ದು ಸುಮಾರು 15 ವರ್ಷಗಳ ನಂತರ. p ಎಂಬ ಅವಿಭಾಜ್ಯ ನಮ್ಮ ಸಂಖ್ಯೆಯನ್ನು ಭಾಗಿಸುತ್ತದೆ ಎನ್ನಿ. ಆಗ 2ರ 32ನೇ ಘಾತವನ್ನು p ಯಿಂದ ಭಾಗಿಸಿದರೆ ಶೇಷ –1. ವರ್ಗ ಮಾಡಿದರೆ, 64ನೇ ಘಾತಕ್ಕೆ, ಶೇಷ 1. ಶೇಷ 1 ಬರುವ ಅತಿ ಚಿಕ್ಕ ಘಾತಾಂಕವೂ 64ೇ ಆಗಿರುತ್ತದೆ. (p–1)ನೇ ಘಾತಕ್ಕೂ ಶೇಷ 1 ಬರಲೇಬೇಕೆಂಬ ಪ್ರಮೇಯವೊಂದಿದೆ. ಹಾಗಾಗಿ p–1 ಎಂಬುದು 64ರ ಅಪವರ್ತ್ಯ. ಇಂಥ ಅವಿಭಾಜ್ಯಗಳು 193, 257, 449, 577, 641, ... ಐದನೆಯ ಪ್ರಯತ್ನಕ್ಕೇ ಉತ್ತರ!

ಇಲ್ಲಿ ಬಳಸಿದ ಪ್ರಮೇಯ ಯಾರದು ಗೊತ್ತೇ? ಫರ್ಮಾನದೇ. ಅದನ್ನೂ ಅವನು ತಿಳಿಸಿದ್ದು ಅದೇ 1640ರಲ್ಲಿ, ಅದೇ ಫ್ರೆನಿಕಲ್‌ಗೆ. ಆಯುಧ ಕೈಯಲ್ಲೇ ಇತ್ತು, ಪ್ರಯೋಗಿಸಿದವನು ಬೇರೊಬ್ಬ. ಅಷ್ಟೇಕೆ, ಯಾವ ಪ್ರಮೇಯವೂ ಇಲ್ಲದೆ 2, 3, 5, 7 ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಹೋಗಿದ್ದರೂ 641 ಬರುವುದು 116ನೆಯದಾಗಿ. ಒಂದೆರಡು ದಿನಗಳ ಬೇಸರದ ಲೆಕ್ಕ, ಅಷ್ಟೆ. ಐದು ಉದಾಹರಣೆಗಳು ಎಂಥವರ ಕಣ್ಣನ್ನೂ ಕಟ್ಟಬಲ್ಲವು.

ಇಂದು ಸ್ಥಿತಿ ತಿರುವುಮುರುವಾಗಿದೆ. 65,537ರ ಆಚೆ ಈ ಸರಣಿಯಲ್ಲಿ ಒಂದೂ ಅವಿಭಾಜ್ಯ ಸಿಕ್ಕಿಲ್ಲ. ಘಾತಾಂಕ 2ರ 32ನೇ ಘಾತ ಆಗುವವರೆಗಿನ ಮುಂದಿನ ಎಲ್ಲ ಸಂಖ್ಯೆಗಳೂ ಭಾಜ್ಯಗಳೆಂದು ಸಿದ್ಧವಾಗಿದೆ. ಅವುಗಳಲ್ಲಿ ಎರಡರ ಒಂದು ಅಪವರ್ತನವೂ ತಿಳಿದಿಲ್ಲ. ಭಾಜ್ಯವೆಂಬುದು ಮಾತ್ರ ಖಚಿತ. ಅದರ ಮುಂದಿನ ಸಂಖ್ಯೆಗೆ ಸುಮಾರು 258 ಕೋಟಿ ಅಂಕಿಗಳು. ಅದು ಅವಿಭಾಜ್ಯವೋ ಭಾಜ್ಯವೋ, ಇನ್ನೂ ಇತ್ಯರ್ಥವಾಗಿಲ್ಲ.